ತಪ್ಪು ಬೆರಳಿನದಲ್ಲ

ಊಟದ ಬಿಡುವಿನಲ್ಲಿ ಗಣಕ ಕೊಠಡಿಯೊಳಗೆ ಇಣುಕಿದವರಿಗೆ ಈ ದೃಶ್ಯ ಅಪರಿಚಿತವಲ್ಲ. ಒಂದೇ ಗಣಕಯಂತ್ರದ ಮುಂದೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕುಳಿತಿರುತ್ತಾರೆ. ಕೀಲಿಮಣೆಯ ಎಡಬದಿ ಒಬ್ಬರ ಪಾಲು, ಬಲಬದಿ ಇನ್ನೊಬ್ಬರ ಪಾಲು. 2009ರಲ್ಲಿ ಬಂದು ಇಂದಿಗೂ ಮಕ್ಕಳ ಮೆಚ್ಚುಗೆ ಉಳಿಸಿಕೊಂಡಿರುವ ‘ಫೈರ್‌ಬಾಯ್ ಆ್ಯಂಡ್ ವಾಟರ್‌ಗರ್ಲ್’ ಎಂಬ ಆಟವನ್ನು ಹೀಗೆಯೇ ಆಡಬೇಕು. ಬೆಂಕಿಯ ಹುಡುಗನನ್ನು ಬಾಣದ ಗುರುತಿನ ಕೀಲಿಗಳು ನಡೆಸುತ್ತವೆ. ನೀರಿನ ಹುಡುಗಿಯನ್ನು ‘ಎ’, ‘ಡಬ್ಲ್ಯು’, ‘ಡಿ’ ಕೀಲಿಗಳು ನಡೆಸುತ್ತವೆ. ಇಬ್ಬರೂ ಕೂಡಿ ಸಾಗಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಆದರೆ ನಿರ್ಣಾಯಕ ಗಳಿಗೆಯಲ್ಲಿ ನೀರಿನ ಹುಡುಗಿ ಜಿಗಿಯದೆ ನಿಂತುಬಿಡುತ್ತಾಳೆ. “ಒತ್ತಲಿಲ್ಲವೇಕೆ?” ಎಂದು ಒಬ್ಬರು ಆಕ್ಷೇಪಿಸಿದರೆ, “ಒತ್ತಿದ್ದೆ” ಎಂದು ಇನ್ನೊಬ್ಬರು ಪ್ರಮಾಣ ಮಾಡುತ್ತಾರೆ. ಸುತ್ತ ನಿಂತವರು ನಗುತ್ತಾರೆ. ಒತ್ತಿದ್ದೆ ಎಂದವರ ಮಾತನ್ನು ನಂಬುವವರು ವಿರಳ.

ಆ ಮಾತು ಬಹುಮಟ್ಟಿಗೆ ನಿಜವಾಗಿರುತ್ತದೆ. ಬೆರಳು ಕೀಲಿಯನ್ನು ಒತ್ತಿದೆ, ಕೀಲಿ ತಳ ಮುಟ್ಟಿದೆ. ಆದರೂ ಕೀಲಿಮಣೆ ಆ ಸುದ್ದಿಯನ್ನು ಗಣಕಕ್ಕೆ ತಲುಪಿಸಿಲ್ಲ. ಇದು ಯಂತ್ರ ಕೆಟ್ಟದ್ದರ ಫಲವಲ್ಲ. ಹೊಚ್ಚಹೊಸ ಕೀಲಿಮಣೆಯೂ ಹೀಗೆಯೇ ವರ್ತಿಸಬಲ್ಲದು. ಅದನ್ನು ರೂಪಿಸಿದವರು ಮನುಷ್ಯನೊಬ್ಬ ಏಕಕಾಲಕ್ಕೆ ಎಷ್ಟು ಕೀಲಿಗಳನ್ನು ಒತ್ತಿಯಾನು ಎಂಬುದನ್ನು ಮೊದಲೇ ಊಹಿಸಿದ್ದರು; ಆ ಊಹೆಯೇ ಯಂತ್ರದ ಒಳಗೆ ಅಚ್ಚಾಗಿ ಕುಳಿತಿದೆ. ಆ ಊಹೆಯ ಹೊರಗಿರುವವರ ಕೈಯಲ್ಲಿ ಯಂತ್ರ ಸೋಲುತ್ತದೆ, ದೂರು ಮಾತ್ರ ಅವರ ಬೆರಳಿನ ಮೇಲೆ ಬರುತ್ತದೆ. ಆಟಗಾರರು ಬಹುಹಿಂದೆಯೇ ಕಂಡುಕೊಂಡ ಈ ಸಂಗತಿಯನ್ನು ಆಟದ ಮಾತೆಂದು ತಳ್ಳಿಹಾಕದೆ ವಿದ್ಯಾಸಂಸ್ಥೆಗಳೂ ಭಾಷೆಯ ವಿದ್ಯಾರ್ಥಿಗಳೂ ಗಂಭೀರವಾಗಿ ಪರಿಗಣಿಸುವುದು ಅವಶ್ಯ.

ಕೀಲಿಮಣೆಯ ಹಿರಿಯಜ್ಜ ಬೆರಳಚ್ಚುಯಂತ್ರ. ಅದರಲ್ಲಿ ಎರಡು ಅಕ್ಷರಗಳನ್ನು ಒಟ್ಟಿಗೆ ಒತ್ತಿದರೆ ಎರಡು ಲೋಹದ ಕಡ್ಡಿಗಳು ಮೇಲೆದ್ದು ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಒಂದಾದ ಮೇಲೆ ಒಂದು ಎಂಬುದು ಅಲ್ಲಿ ಯಂತ್ರದ ಕಟ್ಟಳೆಯಾಗಿತ್ತು. ಗಣಕ ಬಂದ ಮೇಲೆ ಕಡ್ಡಿಗಳು ಹೋದವು, ಕಟ್ಟಳೆ ಬಹುಪಾಲು ಉಳಿಯಿತು. ಬರವಣಿಗೆಗೆ ಅದು ಅಡ್ಡಿಯೂ ಆಗಲಿಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ, ಇಂದು ‘ನುಡಿ’ ಮೊದಲಾದ ತಂತ್ರಾಂಶಗಳಲ್ಲಿ ಬಳಕೆಯಲ್ಲಿರುವ ಕನ್ನಡ ವಿನ್ಯಾಸವನ್ನೇ ನೋಡಬಹುದು. ‘ಸ್ತ್ರೀ’ ಎಂಬ ಅಕ್ಷರದಲ್ಲಿ ಮೂರು ವ್ಯಂಜನಗಳು ಒಂದರ ಕೆಳಗೊಂದು ಕೂಡಿಕೊಂಡಿವೆ. ಬೆರಳು ಮಾತ್ರ ಸಕಾರ, ಕೂಡಿಸುವ ಕೀಲಿ, ತಕಾರ, ಮತ್ತೆ ಕೂಡಿಸುವ ಕೀಲಿ, ರಕಾರ, ಕೊನೆಗೆ ದೀರ್ಘ ಸ್ವರ ಎಂದು ಸರದಿಯಲ್ಲಿ ಸಾಗುತ್ತದೆ. ಮಹಾಪ್ರಾಣಕ್ಕೂ ದೀರ್ಘಕ್ಕೂ ‘ಶಿಫ್ಟ್’ ಕೀಲಿಯ ಜೊತೆ ಇನ್ನೊಂದನ್ನು ಒತ್ತಿದರೆ ಸಾಕು. ಕಾಗದದ ಮೇಲೆ ಎಷ್ಟೇ ಒತ್ತಕ್ಷರಗಳಿದ್ದರೂ ಕೀಲಿಮಣೆಯ ಮೇಲೆ ಎರಡು ಬೆರಳುಗಳ ಸಹಕಾರಕ್ಕಿಂತ ಹೆಚ್ಚಿನದು ಬೇಕಿಲ್ಲ. ಕೀಲಿಮಣೆಗೆ ಇಂಥ ಮಿತಿಯೊಂದಿದೆ ಎಂಬುದೇ ಬರೆಯುವವರ ಅರಿವಿಗೆ ಬಾರದಿರುವುದು ಆ ಕಾರಣಕ್ಕಾಗಿಯೇ.

ಆಟದ ರೀತಿ ಬೇರೆ. ಅಲ್ಲಿ ಕೀಲಿ ಅಕ್ಷರವಲ್ಲ, ಕ್ರಿಯೆ. ಮುಂದೆ ಓಡುವುದು, ಎಡಕ್ಕೆ ವಾಲುವುದು, ಬಗ್ಗುವುದು, ಜಿಗಿಯುವುದು ಇವೆಲ್ಲ ಒಂದೇ ಗಳಿಗೆಯಲ್ಲಿ ನಡೆಯಬೇಕು. ಒತ್ತಿದ ಕೀಲಿಯನ್ನು ಒತ್ತಿ ಹಿಡಿದೇ ಇರಬೇಕು. 1996ರಲ್ಲಿ ‘ಕ್ವೇಕ್’ ಎಂಬ ಆಟ ಬಂದಿತು. ಮರುವರ್ಷ ಅದರ ಪಂದ್ಯದಲ್ಲಿ ಗೆದ್ದು, ಆಟವನ್ನು ರಚಿಸಿದವರಲ್ಲಿ ಒಬ್ಬರಾದ ಜಾನ್ ಕಾರ್ಮ್ಯಾಕ್ ಅವರ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದ ಡೆನಿಸ್ ಫಾಂಗ್, ಎಡಗೈಯನ್ನು ‘ಡಬ್ಲ್ಯು’, ‘ಎ’, ‘ಎಸ್’, ‘ಡಿ’ ಕೀಲಿಗಳ ಮೇಲೂ ಬಲಗೈಯನ್ನು ಮೌಸಿನ ಮೇಲೂ ಇಡುವ ಕ್ರಮವನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖ. ಆ ಬಳಿಕ ಬಂದ ಅಸಂಖ್ಯ ಆಟಗಳಲ್ಲಿ ಅದೇ ರೂಢಿಯಾಯಿತು. ಬರೆಯುವವರಿಗಾಗಿ ಮಾಡಿದ ಹಲಗೆಯ ಮೇಲೆ ಓಡುವವರು ಬಂದು ನಿಂತರು. ಮಿತಿ ಬಯಲಾದದ್ದು ಆಗ.

ಈ ಮಿತಿಯ ಒಳಗುಟ್ಟನ್ನು ಅರಿಯಲು ಕನ್ನಡದ ವಿದ್ಯಾರ್ಥಿಗೆ ವಿದ್ಯುಚ್ಛಾಸ್ತ್ರದ ಗ್ರಂಥ ಬೇಕಿಲ್ಲ. ವರ್ಣಮಾಲೆಯ ಕೋಷ್ಟಕ ಸಾಕು. ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಪ್ರತಿ ಮನೆಗೂ ತನ್ನದೇ ಸ್ವರನಾಲಿಗೆ ಇರುತ್ತದೆ. ಹತ್ತು ಮನೆಗಳನ್ನು ಒತ್ತಿದರೆ ಹತ್ತೂ ನುಡಿಯುತ್ತವೆ. ಕೀಲಿಮಣೆಯಲ್ಲಿ ಹಾಗಿಲ್ಲ. ನೂರಕ್ಕೂ ಹೆಚ್ಚು ಕೀಲಿಗಳಿಗೆ ನೂರು ತಂತಿಗಳನ್ನು ಎಳೆಯುವುದು ದುಬಾರಿ. ಅದಕ್ಕೆ ಬದಲಾಗಿ ಅಡ್ಡಸಾಲು ಮತ್ತು ಕಂಬಸಾಲುಗಳ ಒಂದು ಜಾಲವನ್ನು ಹಾಸಿ, ಅವು ಸಂಧಿಸುವೆಡೆಯಲ್ಲಿ ಒಂದೊಂದು ಕೀಲಿಯನ್ನು ಇರಿಸುತ್ತಾರೆ. 8 ಅಡ್ಡಸಾಲು, 16 ಕಂಬಸಾಲು ಇದ್ದರೆ ಕೇವಲ 24 ತಂತಿಗಳಲ್ಲಿ 128 ಕೀಲಿಗಳನ್ನು ಗುರುತಿಸಬಹುದು. ಒಳಗಿನ ಚಿಪ್ಪು ಒಂದೊಂದೇ ಅಡ್ಡಸಾಲನ್ನು ಸರದಿಯಂತೆ ಎಚ್ಚರಿಸಿ, ಯಾವ ಕಂಬಸಾಲಿನಿಂದ ಉತ್ತರ ಬಂತೆಂದು ಆಲಿಸುತ್ತದೆ. ಇದನ್ನು ಕ್ಷಣವೊಂದರಲ್ಲಿ ನೂರಾರು ಬಾರಿ ಮಾಡುತ್ತದೆ.

ವರ್ಗೀಯ ವ್ಯಂಜನಗಳ ಕೋಷ್ಟಕವೂ ಇಂಥದೇ ಜಾಲ. ಕವರ್ಗದಿಂದ ಪವರ್ಗದವರೆಗೆ ಐದು ಅಡ್ಡಸಾಲುಗಳು. ಅಲ್ಪಪ್ರಾಣದಿಂದ ಅನುನಾಸಿಕದವರೆಗೆ ಐದು ಕಂಬಸಾಲುಗಳು. ಆ 25 ಅಕ್ಷರಗಳೇ ಒಂದು ಕೀಲಿಮಣೆ ಎಂದು ಭಾವಿಸೋಣ. ಯಾರೋ ಒಬ್ಬರು ಕ, ಗ, ತ ಎಂಬ ಮೂರನ್ನು ಒಟ್ಟಿಗೆ ಒತ್ತಿ ಹಿಡಿದಿದ್ದಾರೆ. ಚಿಪ್ಪು ತವರ್ಗದ ಸಾಲನ್ನು ಎಚ್ಚರಿಸಿದಾಗ ವಿದ್ಯುತ್ತು ‘ತ’ ಕೀಲಿಯ ಮೂಲಕ ಮೊದಲ ಕಂಬಸಾಲಿಗೆ ಇಳಿಯುತ್ತದೆ. ಅದೇ ಕಂಬಸಾಲಿನಲ್ಲಿ ‘ಕ’ ಕೂಡ ಒತ್ತಿರುವುದರಿಂದ ಅದು ಕವರ್ಗದ ಸಾಲಿಗೆ ಹರಿಯುತ್ತದೆ. ಅಲ್ಲಿ ‘ಗ’ ಒತ್ತಿರುವುದರಿಂದ ಮೂರನೆಯ ಕಂಬಸಾಲಿಗೆ ದಾಟುತ್ತದೆ. ತವರ್ಗವನ್ನು ಕರೆದಾಗ ಮೂರನೆಯ ಕಂಬಸಾಲು ಓಗೊಟ್ಟಿದೆ, ಆದ್ದರಿಂದ ಒತ್ತಿದ್ದು ‘ದ’ ಎಂದು ಚಿಪ್ಪು ತಿಳಿಯುತ್ತದೆ. ‘ದ’ವನ್ನು ಯಾರೂ ಮುಟ್ಟಿಯೇ ಇಲ್ಲ. ಒಂದು ಆಯತದ ಮೂರು ಮೂಲೆಗಳನ್ನು ಒತ್ತಿದರೆ ನಾಲ್ಕನೆಯ ಮೂಲೆ ತಾನಾಗಿ ಹುಟ್ಟುತ್ತದೆ. ಕ, ಚ, ಟ ಎಂದು ಒಂದೇ ಕಂಬಸಾಲಿನ ಮೂರನ್ನು ಒತ್ತಿದರೆ ಈ ತೊಡಕಿಲ್ಲ, ಏಕೆಂದರೆ ಅಲ್ಲಿ ಆಯತವೇ ಇಲ್ಲ. ಒಂದೇ ಕೀಲಿಮಣೆಯಲ್ಲಿ ಕೆಲವು ಮೂರು ಕೀಲಿಗಳು ಒಟ್ಟಿಗೆ ನಡೆದು, ಬೇರೆ ಮೂರು ನಡೆಯದಿರುವುದಕ್ಕೆ ಇದೇ ಕಾರಣ.

ಹೀಗೆ ಇಲ್ಲದ್ದು ಇದ್ದಂತೆ ತೋರುವುದಕ್ಕೆ ಇಂಗ್ಲಿಷಿನಲ್ಲಿ ‘ಘೋಸ್ಟಿಂಗ್’ ಎಂಬ ಹೆಸರಿದೆ. ಅದನ್ನು ‘ಭೂತ’ವೆಂದು ಕನ್ನಡಿಸಲು ಕಾಸರಗೋಡಿನ ಓದುಗರು ಒಪ್ಪಲಾರರು. ಇಲ್ಲಿ ಭೂತವೆಂದರೆ ಕೋಲ ಕಟ್ಟಿ, ನುಡಿ ಕೊಟ್ಟು, ನ್ಯಾಯ ಹೇಳುವ ದೈವ, ಅದು ಹುಸಿಯಲ್ಲ. ‘ಹುಸಿಕೀಲಿ’ ಎಂಬ ಮಾತು ಇದಕ್ಕೆ ಹೊಂದೀತು. ಇಂದಿನ ಹೆಚ್ಚಿನ ಕೀಲಿಮಣೆಗಳು ಹುಸಿಕೀಲಿಯನ್ನು ಗಣಕಕ್ಕೆ ಕಳುಹಿಸುವುದಿಲ್ಲ. ಮೂರು ಮೂಲೆ ಮುಚ್ಚಿದೆಯೋ ನಾಲ್ಕೂ ಮುಚ್ಚಿದೆಯೋ ಎಂದು ತಿಳಿಯಲಾರದ ಚಿಪ್ಪು, ಸುಳ್ಳು ಹೇಳುವುದಕ್ಕಿಂತ ಮೌನವೇ ಲೇಸೆಂದು ಹೊಸದಾಗಿ ಒತ್ತಿದ ಕೀಲಿಯನ್ನೇ ಬಿಟ್ಟುಬಿಡುತ್ತದೆ. ನೀರಿನ ಹುಡುಗಿ ಜಿಗಿಯದೆ ನಿಂತದ್ದು ಈ ಮೌನದಿಂದ. ಮೊದಲು ಒತ್ತಿ ಹಿಡಿದವರದು ನಡೆಯುತ್ತದೆ, ಅನಂತರ ಬಂದವರದು ಉಳಿಯುತ್ತದೆ. ಆಟದಲ್ಲಿ ಇದು ಸಣ್ಣ ಅನ್ಯಾಯ, ಆದರೂ ಅನ್ಯಾಯವೇ.

ಇದಕ್ಕೆ ಪರಿಹಾರ ಹಿಂದೆಯೇ ಗೊತ್ತಿದೆ. ಪ್ರತಿ ಕೀಲಿಗೂ ಒಂದು ಡಯೋಡನ್ನು ಜೋಡಿಸಿದರೆ ವಿದ್ಯುತ್ತು ಏಕಮುಖವಾಗಿ ಮಾತ್ರ ಹರಿಯುತ್ತದೆ; ಹಿಂದಿರುಗಿ ಸುತ್ತುವ ದಾರಿ ಮುಚ್ಚುತ್ತದೆ. ಆದರೆ ಅಗ್ಗದ ಕೀಲಿಮಣೆಗಳಲ್ಲಿ ತಂತಿಗಳ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ವಿದ್ಯುದ್ವಾಹಕ ಶಾಯಿಯ ಗೆರೆಗಳಿರುತ್ತವೆ. ಅಲ್ಲಿ ಪ್ರತಿ ಕೀಲಿಗೊಂದು ಡಯೋಡನ್ನು ಕೂರಿಸುವುದು ಸುಲಭವಲ್ಲ. ಐಬಿಎಂ ಸಂಸ್ಥೆ 1981ರ ತನ್ನ ಪರ್ಸನಲ್ ಕಂಪ್ಯೂಟರಿನೊಂದಿಗೆ ಕೊಟ್ಟ ‘ಮಾಡೆಲ್ ಎಫ್’ ಕೀಲಿಮಣೆ ಎಷ್ಟು ಕೀಲಿಗಳನ್ನಾದರೂ ಒಟ್ಟಿಗೆ ಗುರುತಿಸಬಲ್ಲುದಾಗಿತ್ತು. 1985ರಲ್ಲಿ ಬಂದ ‘ಮಾಡೆಲ್ ಎಂ’ ಹಾಳೆಯ ಜಾಲವನ್ನು ಅಳವಡಿಸಿಕೊಂಡು ತಯಾರಿಕೆಯ ವೆಚ್ಚವನ್ನು ಇಳಿಸಿತು. ಜೊತೆಗೆ ಎರಡು ಕೀಲಿಗಳಾಚೆಗಿನ ಭರವಸೆಯನ್ನೂ ಕೈಬಿಟ್ಟಿತು. ಕಚೇರಿಯ ಬೆರಳಚ್ಚುಗಾರರಿಗೆ ಇದರಿಂದ ನಷ್ಟವಾಗಲಿಲ್ಲ. ಸಾಧ್ಯತೆಯೊಂದು ಮಾತ್ರ ಸದ್ದಿಲ್ಲದೆ ಹೋಯಿತು.

ಇನ್ನೊಂದು ಮಿತಿ ತಂತಿಯಾಚೆಗಿನದು. ಯುಎಸ್‌ಬಿ ಕೀಲಿಮಣೆ ಅತ್ಯಂತ ಸರಳ ಕ್ರಮದಲ್ಲಿ ಕಳುಹಿಸುವ ವರದಿ 8 ಬೈಟುಗಳದು. ಒಂದರಲ್ಲಿ ‘ಶಿಫ್ಟ್’, ‘ಕಂಟ್ರೋಲ್’ ಮೊದಲಾದ ಎಂಟು ಸಹಾಯಕ ಕೀಲಿಗಳ ಸ್ಥಿತಿ, ಒಂದು ಕಾಯ್ದಿರಿಸಿದ ಸ್ಥಳ, ಉಳಿದ 6ರಲ್ಲಿ ಆರು ಸಾಮಾನ್ಯ ಕೀಲಿಗಳು. ಏಳನೆಯದಕ್ಕೆ ಜಾಗವಿಲ್ಲ. ಇದನ್ನು ಮೀರಿದ ವರದಿಯನ್ನು ಕಳುಹಿಸುವ ಕೀಲಿಮಣೆಗಳೂ ಇವೆ. ಒಬ್ಬ ಆಟಗಾರನಿಗೆ ಆರು ಸಾಕಾಗುವುದುಂಟು. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ‘ಆ್ಯಂಟಿ ಘೋಸ್ಟಿಂಗ್’ ಎಂಬ ಪದ ಯಾವ ಕೀಲಿಗಳಿಗೆ, ಎಷ್ಟು ಕೀಲಿಗಳಿಗೆ ಅನ್ವಯಿಸುತ್ತದೆ ಎಂದು ಹೇಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಕೆಲವದರಲ್ಲಿ ಎಡಗೈಯ ಸುತ್ತಲಿನ ಹತ್ತಾರು ಕೀಲಿಗಳಿಗಷ್ಟೇ ಆ ರಕ್ಷಣೆ.

ಹಣ ವ್ಯಯಿಸುವ ಮುನ್ನ ಮಾಡಬಹುದಾದ ಪರೀಕ್ಷೆಯೊಂದಿದೆ. ಬರೆಯುವ ತಂತ್ರಾಂಶವೊಂದನ್ನು ತೆರೆದು, ಎಡ ಬಲ ಎರಡೂ ‘ಶಿಫ್ಟ್’ ಕೀಲಿಗಳನ್ನು ಒತ್ತಿ ಹಿಡಿದು, ಇಂಗ್ಲಿಷಿನ 26 ಅಕ್ಷರಗಳನ್ನೂ ಒಂದೊಂದಾಗಿ ಒತ್ತಬೇಕು. ಹಲವು ಕೀಲಿಮಣೆಗಳಲ್ಲಿ ಕೆಲವು ಅಕ್ಷರಗಳು ಮೂಡುವುದೇ ಇಲ್ಲ. ಬಳಿಕ ಆಟದಲ್ಲಿ ಬೇಕಾಗುವ ಕೀಲಿಗಳನ್ನೇ ಮೂರು ಮೂರಾಗಿ ಹಿಡಿದು ನೋಡಬೇಕು. ಮೇಲಿನ ಬಾಣ, ಎಡದ ಬಾಣ ಮತ್ತು ‘ಸ್ಪೇಸ್’ ಈ ಮೂರು ಕೂಡದಿರುವುದು ಆಟಗಾರರ ಹಳೆಯ ದೂರು. ಮಿತಿ ಎಲ್ಲಿದೆಯೆಂದು ತಿಳಿದರೆ ದಾರಿಯೂ ಕಾಣುತ್ತದೆ. ಆಟದ ವ್ಯವಸ್ಥೆಯಲ್ಲಿ ಜಿಗಿತವನ್ನೋ ಓಟವನ್ನೋ ‘ಶಿಫ್ಟ್’ ಅಥವಾ ‘ಕಂಟ್ರೋಲ್’ ಕೀಲಿಗೆ ವರ್ಗಾಯಿಸಬಹುದು. ಈ ಕೀಲಿಗಳಿಗೆ ಜಾಲದಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಸ್ಥಾನವಿರುತ್ತದೆ. ಒಂದು ಕ್ರಿಯೆಯನ್ನು ಮೌಸಿನ ಗುಂಡಿಗೆ ಒಪ್ಪಿಸಬಹುದು. ಇಬ್ಬರು ಆಡುವುದಾದರೆ ಮೂಲೆಯಲ್ಲಿ ಬಿದ್ದಿರುವ ಹಳೆಯ ಯುಎಸ್‌ಬಿ ಕೀಲಿಮಣೆಯೊಂದನ್ನು ಅದೇ ಗಣಕಕ್ಕೆ ಜೋಡಿಸಬಹುದು. ಎರಡು ಕೀಲಿಮಣೆಗಳಿಗೆ ಎರಡು ಪ್ರತ್ಯೇಕ ಜಾಲಗಳು. ಗಣಕ ಎರಡರ ವರದಿಯನ್ನೂ ಸ್ವೀಕರಿಸುತ್ತದೆ. ಜಗಳ ಅಲ್ಲಿಗೆ ಮುಗಿಯುತ್ತದೆ. ಯಾವುದೋ ತಂತ್ರಾಂಶ ಹಾಕಿದರೆ ಹಳೆಯ ಕೀಲಿಮಣೆ ಸರಿಹೋಗುವುದೆಂಬ ಮಾತನ್ನು ಮಾತ್ರ ನಂಬಬಾರದು. ಜಾಲದಲ್ಲೇ ಕಳೆದುಹೋದ ಸುದ್ದಿಯನ್ನು ಗಣಕ ಮರಳಿ ಪಡೆಯಲಾರದು.

ಇಷ್ಟೆಲ್ಲ ಆಟಕ್ಕಾಗಿಯೇ ಎಂಬ ಆಕ್ಷೇಪ ಸಹಜ. ಗಣಕ ಕೊಠಡಿ ಇರುವುದು ಓದಿಗೆ. ಬರೆಯಲು ಎರಡು ಕೀಲಿ ಸಾಕೆಂದ ಮೇಲೆ ಹೆಚ್ಚಿನದನ್ನು ಕೇಳುವುದು ದುಂದು ಎಂದು ಹೇಳುವವರಿದ್ದಾರೆ. ಆಟವೂ ಈಗ ಹಿಂದಿನಂತೆ ಹಗುರಾಗಿ ಕಾಣಬೇಕಾದ ವಿಷಯವಲ್ಲ. 2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಇ-ಕ್ರೀಡೆಗೆ ಕ್ರೀಡೆಯ ಮನ್ನಣೆ ನೀಡಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳಿದ್ದವು. ಆದರೆ ಆಕ್ಷೇಪಕ್ಕೆ ನಿಜವಾದ ಉತ್ತರ ಇದಲ್ಲ. ಎರಡು ಕೀಲಿ ಸಾಕೆಂಬ ಮಾತು ಕಣ್ಣಿದ್ದವರ ಬರವಣಿಗೆಗೆ ಮಾತ್ರ ಸಲ್ಲುತ್ತದೆ. ಉತ್ತರವಿರುವುದು ಅಲ್ಲಿ.

ಬ್ರೈಲ್ ಲಿಪಿಯಲ್ಲಿ ಒಂದು ಅಕ್ಷರವೆಂದರೆ ಆರು ಚುಕ್ಕಿಗಳ ಮನೆಯಲ್ಲಿ ಕೆಲವು ಚುಕ್ಕಿಗಳು. ಅದನ್ನು ಬರೆಯುವ ಯಂತ್ರದಲ್ಲಿ ಚುಕ್ಕಿಗೊಂದರಂತೆ ಆರು ಕೀಲಿಗಳಿರುತ್ತವೆ; ಬೇಕಾದವನ್ನೆಲ್ಲ ಒಮ್ಮೆಲೇ ಒತ್ತಬೇಕು. ಗಣಕದ ಸಾಮಾನ್ಯ ಕೀಲಿಮಣೆಯಲ್ಲೂ ಈ ಕ್ರಮಕ್ಕೆ ಅವಕಾಶ ಕೊಡುವ ತಂತ್ರಾಂಶಗಳಿವೆ. ‘ಎಫ್’, ‘ಡಿ’, ‘ಎಸ್’ ಕೀಲಿಗಳು 1, 2, 3ನೆಯ ಚುಕ್ಕಿಗಳಾಗುತ್ತವೆ. ‘ಜೆ’, ‘ಕೆ’, ‘ಎಲ್’ ಕೀಲಿಗಳು 4, 5, 6ನೆಯವು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲಿನಲ್ಲಿ ‘ಕ’ಕ್ಕೆ 1 ಮತ್ತು 3, ಎರಡೇ ಚುಕ್ಕಿ. ‘ಗ’ಕ್ಕೆ 1, 2, 4, 5, ಅಂದರೆ ನಾಲ್ಕು ಬೆರಳು ಒಟ್ಟಿಗೆ. ‘ಢ’ಕ್ಕೆ ಆರೂ ಚುಕ್ಕಿಗಳು, ಆರು ಬೆರಳುಗಳು.

ಆಟಗಾರರನ್ನು ಕಾಡಿದ ಅದೇ ಮೌನ ಇಲ್ಲಿ ಎದುರಾಗಲಿ. ‘ಗ’ ಬರೆಯಲು ಒತ್ತಿದ ನಾಲ್ಕರಲ್ಲಿ 4ನೆಯ ಚುಕ್ಕಿ ಬಿಟ್ಟುಹೋದರೆ ಉಳಿಯುವುದು 1, 2, 5. ಅದು ಬ್ರೈಲಿನ ‘ಹ’. ಛಂದಸ್ಸಿನ ಪಾಠದಲ್ಲಿ ‘ಗಣ’ ಎಂದು ಬರೆದ ವಿದ್ಯಾರ್ಥಿಯ ಹಾಳೆಯಲ್ಲಿ ‘ಹಣ’ ಎಂದು ಮೂಡುತ್ತದೆ. ಪದ ಅರ್ಥವಿಲ್ಲದ್ದಾಗಿದ್ದರೆ ಯಂತ್ರದ ಮೇಲೆ ಸಂಶಯ ಬರುತ್ತಿತ್ತು. ಸರಿಯಾದ ಇನ್ನೊಂದು ಪದವೇ ಮೂಡಿದ್ದರಿಂದ ಓದುವವರು ಅದನ್ನು ಬರೆದವರ ಅಜ್ಞಾನವೆಂದು ಎಣಿಸುತ್ತಾರೆ. ಆಟಗಾರ ಕಳೆದುಕೊಳ್ಳುವುದು ಒಂದು ಪಂದ್ಯ. ಈ ವಿದ್ಯಾರ್ಥಿ ಕಳೆದುಕೊಳ್ಳುವುದು ಅಂಕ, ಅದಕ್ಕಿಂತ ಹೆಚ್ಚಾಗಿ ತನ್ನ ಬೆರಳುಗಳ ಮೇಲಿನ ನಂಬಿಕೆ. ಒಟ್ಟಿಗೆ ಕೀಲಿಗಳನ್ನೊತ್ತಿ ಶೀಘ್ರಲಿಪಿಯ ವೇಗದಲ್ಲಿ ಬರೆಯಲು ನೆರವಾಗುವ ‘ಪ್ಲೋವರ್’ ಎಂಬ ಮುಕ್ತ ತಂತ್ರಾಂಶವನ್ನು ಬಳಸುವವರಿಗೂ ಇದೇ ಬಗೆಯ ಕೀಲಿಮಣೆ ಅವಶ್ಯ.

ಇಲ್ಲೊಂದು ವೈಚಿತ್ರ್ಯವಿದೆ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾಗದವರಿಗಾಗಿ ಗಣಕದಲ್ಲಿ ‘ಸ್ಟಿಕಿ ಕೀಸ್’ ಎಂಬ ಅನುಕೂಲವಿದೆ. ‘ಶಿಫ್ಟ್’ ಕೀಲಿಯನ್ನು ಐದು ಬಾರಿ ಒತ್ತಿದರೆ ವಿಂಡೋಸಿನಲ್ಲಿ ಅದು ತಾನೇ ಕಾಣಿಸಿಕೊಂಡು ಆಟಗಾರರನ್ನು ರೇಗಿಸುವುದೂ ಉಂಟು. ಎರಡು ಒತ್ತಲಾರದವರನ್ನು ತಂತ್ರಾಂಶ ನೆನೆದಿದೆ; ಆರು ಒತ್ತಲೇಬೇಕಾದವರನ್ನು ಅಗ್ಗದ ಕೀಲಿಮಣೆ ನೆನೆದಿಲ್ಲ. ತನ್ನ ಭಾಷೆಗೆ ಸ್ಥಳವಿಲ್ಲದ ಅರ್ಜಿಯ ನಮೂನೆಯನ್ನು ಕೈಯಲ್ಲಿ ಹಿಡಿದು ನಿಂತ ಅನುಭವ ಗಡಿನಾಡಿನ ಕನ್ನಡಿಗರಿಗೆ ಹೊಸದಲ್ಲ. ನಮೂನೆಯನ್ನು ರಚಿಸಿದವರಿಗೆ ದ್ವೇಷವಿರಬೇಕೆಂದಿಲ್ಲ. ಅವರ ಊಹೆಯಲ್ಲಿ ಆ ವ್ಯಕ್ತಿ ಇರಲಿಲ್ಲ, ಅಷ್ಟೇ. ಹಾಗಿದ್ದರೂ ತೊಂದರೆ ತೊಂದರೆಯೇ. ಅದನ್ನು ಅರಿತವರು ಇನ್ನೊಬ್ಬರಿಗೆ ಅದೇ ಆದಾಗ ನಗಬಾರದು.

ಆಗಬೇಕಾದ ಕೆಲಸ ದೊಡ್ಡದಲ್ಲ. ಎಲ್ಲ ಗಣಕಗಳಿಗೂ ದುಬಾರಿ ಕೀಲಿಮಣೆ ಕೊಳ್ಳಬೇಕೆಂದು ಕೇಳುವುದು ಅವಿವೇಕ. ಈಗಿರುವವುಗಳನ್ನು ಒಂದು ಮಧ್ಯಾಹ್ನ ಕುಳಿತು ಪರೀಕ್ಷಿಸಿ, ಆರು ಚುಕ್ಕಿಯ ಕೀಲಿಗಳನ್ನು ಒಟ್ಟಿಗೆ ಗುರುತಿಸುವ ಕೀಲಿಮಣೆಗಳಿಗೆ ಒಂದು ಗುರುತು ಹಚ್ಚಿದರೆ ಮೊದಲ ಹೆಜ್ಜೆ ಮುಗಿಯಿತು. ಈ ಪರೀಕ್ಷೆಗೆ ತಜ್ಞರು ಬೇಕಿಲ್ಲ. ಊಟದ ಬಿಡುವಿನಲ್ಲಿ ಆಡುವ ವಿದ್ಯಾರ್ಥಿಗಳೇ ಅದರಲ್ಲಿ ಪಳಗಿದವರು. ಮುಂದೆ ಖರೀದಿಯ ಪಟ್ಟಿ ತಯಾರಾಗುವಾಗ ‘ಕೀಲಿಮಣೆ’ ಎಂಬ ಒಂದೇ ಪದದ ಬದಲು ‘ಒಟ್ಟಿಗೆ ಕನಿಷ್ಠ ಆರು ಕೀಲಿಗಳನ್ನು, ಅವು ಯಾವುವೇ ಆಗಿರಲಿ, ಗುರುತಿಸುವ ಕೀಲಿಮಣೆ’ ಎಂಬ ಒಂದು ಸಾಲನ್ನು ಕೆಲವಕ್ಕಾದರೂ ಸೇರಿಸಬಹುದು. ತಯಾರಕರು ತಮ್ಮ ಪೆಟ್ಟಿಗೆಯ ಮೇಲೆ ಬಣ್ಣದ ಮಾತಿನ ಬದಲು ಈ ಸಂಖ್ಯೆಯನ್ನು ಅಚ್ಚು ಹಾಕುವಂತಾಗುವುದು ಕೊಳ್ಳುವವರು ಕೇಳಿದಾಗ ಮಾತ್ರ.

ಭಾಷೆಯನ್ನು ಅಭ್ಯಸಿಸುವವರಿಗೆ ಇದರಲ್ಲಿ ವಿಶೇಷ ಹೊಣೆಯಿದೆ. ಓಲೆಗರಿಗೆ ಕಂಟ, ಕಾಗದಕ್ಕೆ ಲೇಖನಿ, ಮುದ್ರಣಕ್ಕೆ ಮೊಳೆ, ಹೀಗೆ ಲಿಪಿಯ ಚರಿತ್ರೆಯೆಂದರೆ ಉಪಕರಣಗಳ ಚರಿತ್ರೆಯೂ ಹೌದು. ಪ್ರತಿಯೊಂದು ಉಪಕರಣವೂ ಕೆಲವನ್ನು ಸುಲಭ ಮಾಡಿತು, ಕೆಲವನ್ನು ಬಿಟ್ಟಿತು. ಬಿಟ್ಟದ್ದೇನೆಂದು ಗಮನಿಸಿದವರಿಂದಲೇ ಮುಂದಿನ ಉಪಕರಣ ಹುಟ್ಟಿತು. ಕೀಲಿಮಣೆ ಬಿಟ್ಟದ್ದನ್ನು ಬರೆಯುವವರು ಗಮನಿಸಲಿಲ್ಲ, ಆಡುವವರು ಗಮನಿಸಿದರು.

ಇನ್ನೊಮ್ಮೆ ಗಣಕ ಕೊಠಡಿಯಿಂದ “ಒತ್ತಿದ್ದೆ” ಎಂಬ ದನಿ ಕೇಳಿಬಂದಾಗ ನಗುವ ಮೊದಲು ಕೀಲಿಮಣೆಯನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.